ಹೊಲದ ಸೂತಕ

ಕೂಸಿಗೆ ಹೆಸರಿಡುವಾಗ ತೊಟ್ಟಿಲ ಸುತ್ತ ಹತ್ತು ಹೆಂಗಸರು ಸೇರುತ್ತಾರೆ. ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಎಡವಟ್ಟು ಹೆಸರಿಟ್ಟವಳಿಗೆ ಶಿಕ್ಷೆ ಅಲ್ಲಿಗಲ್ಲೇ ಮುಗಿದುಹೋಗುತ್ತದೆ. ಆದರೆ ಮಣ್ಣಿಗೆ ಬಿಡುವ ಒಂದು ಹೊಸ ಜೀವಕ್ಕೆ ಹೆಸರಿಡುವ ದಿನ ಮಣ್ಣು ಸಂಶೋಧನಾ ಕೇಂದ್ರದಲ್ಲಿ ಇದ್ದವರು ಮೂವರೇ. ನಿರ್ದೇಶಕ ಸೋಮಯಾಜಿ, ಸೂಕ್ಷ್ಮಜೀವಿ ವಿಭಾಗದ ಇಸ್ಮಾಯಿಲ್ ನದಾಫ, ಮತ್ತು ಆ ಜೀವವನ್ನು ವರ್ಷಗಟ್ಟಲೆ ಗಾಜಿನ ಬಟ್ಟಲುಗಳಲ್ಲಿ ಸಾಕಿ ಬೆಳೆಸಿದ ಡಾಕ್ಟರ್ ಕಸ್ತೂರಿ ತಳವಾರ.

“‘ರಂಜಕ ವಿಮೋಚಕ ಸೂಕ್ಷ್ಮಾಣು ಸಮುಚ್ಚಯ’ ಅಂತ ಇಟ್ಟರೆ ಹೇಗಮ್ಮ?” ಎಂದು ಸೋಮಯಾಜಿಯವರು ಕೇಳಿದರು.

“ನಮ್ಮವ್ವ ಅದನ್ನ ಪೂರಾ ಹೇಳೂದ್ರಾಗ ಸುಗ್ಗಿ ಮುಗೀತದ ಸರ್,” ಎಂದಳು ಕಸ್ತೂರಿ. “ಹೆಪ್ಪು ಅನ್ನೋಣು. ಸಾಕು.”

ಗೊಬ್ಬರದ ಹಡಗುಗಳು ಬರುವುದು ನಿಂತು ಆಗಲೇ ಒಂದು ತಲೆಮಾರು ಕಳೆದಿತ್ತು. ಹೊರದೇಶಗಳಲ್ಲಿ ರಂಜಕದ ಕಲ್ಲು ಬರಿದಾಗುತ್ತ ಬಂದು, ಇದ್ದವರು ಕೊಡದೆ, ಸಾವಯವ ಕೃಷಿ ಎನ್ನುವುದು ಯಾರೋ ಕೆಲವರ ಆದರ್ಶವಾಗಿ ಉಳಿಯದೆ ಎಲ್ಲರ ಹಣೆಬರಹವಾಗಿತ್ತು. ಸಗಣಿ ಗೊಬ್ಬರ ಹಾಕಿರಿ ಎಂದು ಹೇಳುವುದು ಸುಲಭ. ದನ ಮಾರಿ ಟ್ರ್ಯಾಕ್ಟರ್ ತಂದವರ ಮೊಮ್ಮಕ್ಕಳು ಸಗಣಿಯನ್ನು ಎಲ್ಲಿಂದ ತರಬೇಕು? ವರ್ಷವರ್ಷವೂ ಕಾಳಿನ ಮೂಟೆಗಳಲ್ಲಿ ಹೊಲದ ಸತ್ವ ಪೇಟೆಗೆ ಹೋಗುತ್ತಿತ್ತು, ಅಲ್ಲಿಂದ ಹಿಂದಕ್ಕೆ ಏನೂ ಬರುತ್ತಿರಲಿಲ್ಲ. ಉಂಡು ಕೈ ತೊಳೆದುಕೊಂಡು ಸುಮ್ಮನಿರುವುದರಲ್ಲಿ ಪೇಟೆಯವರು ಮೊದಲಿನಿಂದಲೂ ಗಟ್ಟಿಗರು.

ಮಲಪ್ರಭಾ ಹೊಳೆಯ ಬಡಗಣ ದಂಡೆಯ ಕಪ್ಪು ಎರೆ ಭೂಮಿಯ ಹೊಟ್ಟೆಯಲ್ಲಿ ರಂಜಕವೇನೋ ಬೇಕಾದಷ್ಟಿತ್ತು. ಆದರೆ ಅದು ಸುಣ್ಣದ ಜೊತೆ ಕಚ್ಚಿಕೊಂಡು ಕೂತಿತ್ತು, ಬೇರಿಗೆ ಸಿಗುತ್ತಿರಲಿಲ್ಲ. ಕಸ್ತೂರಿಯ ಬ್ಯಾಕ್ಟೀರಿಯಾ ಹುಳಿ ಬಿಟ್ಟು ಆ ಸುಣ್ಣವನ್ನು ಕರಗಿಸುತ್ತಿತ್ತು. ಅದರ ಜೊತೆಗಾರ ಇನ್ನೊಂದು ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕವನ್ನು ಹಿಡಿದು ಬೇರಿಗೆ ಉಣಿಸುತ್ತಿತ್ತು. ಹುಳಿ ಅತಿಯಾದರೆ ಮಿಕ್ಕ ಸುಣ್ಣವೇ ಅದನ್ನು ನುಂಗಿ ತಣ್ಣಗಾಗಿಸುತ್ತಿತ್ತು. ಎರೆಯ ಸುಣ್ಣವೇ ಈ ಜೀವಕ್ಕೆ ಮೂಗುದಾರ. ಇದನ್ನು ಸಾಕಲು ಬೇಕಾದದ್ದು ಒಂದು ಮಡಕೆ, ಮಜ್ಜಿಗೆ, ಚೂರು ಬೆಲ್ಲ, ಒಂದು ಹಿಡಿ ಹೊಲದ ಮಣ್ಣು.

ಹೆಪ್ಪು ಎಂದ ಮೇಲೆ ಹೆಂಗಸರಿಗೆ ಏನನ್ನೂ ಕಲಿಸಬೇಕಾಗಲಿಲ್ಲ. ಒಲೆಯ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ಇಟ್ಟರು, ಅಲುಗಾಡಿಸದೆ ಬಿಟ್ಟರು, ಎಲ್ಲವನ್ನೂ ಹೊಲಕ್ಕೆ ಸುರಿಯದೆ ಮುಂದಿನ ಸಲಕ್ಕೆಂದು ಒಂದು ಬಟ್ಟಲು ಎತ್ತಿಟ್ಟರು. ತರಬೇತಿಗೆಂದು ಅಚ್ಚು ಹಾಕಿಸಿದ ಬಣ್ಣದ ಚಿತ್ರಗಳು ಪಂಚಾಯಿತಿಯ ಗೋಡೆಯ ಮೇಲೆ ಸುಮ್ಮನೆ ಅಂಟಿಕೊಂಡು ಉಳಿದವು. ಎರಡು ವರ್ಷದಲ್ಲಿ ಎರೆ ಸೀಮೆಯ ಬಿಳಿಜೋಳ ತೆನೆಯ ಭಾರಕ್ಕೆ ಬಾಗಿ ನಿಂತಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆಗೆ ಹೊಸ ಅರ್ಥ ಬಂತು ಎಂದು ಸೋಮಯಾಜಿಯವರು ಸಭೆಸಭೆಯಲ್ಲೂ ಹೇಳಿಕೊಂಡು ತಿರುಗಿದರು. ಹೆಸರಿನ ಹೆಮ್ಮೆ ಮಾತ್ರ ಕಸ್ತೂರಿಯದೇ. ಊರಿಗೆ ಹೋದಾಗ ಯಾವ ಮುದುಕಿ “ಹೆಪ್ಪು ಚೊಲೋ ಆಗೇತಿ ನೋಡವಾ” ಎಂದರೂ ಅವಳಿಗೆ ಒಳಗೊಳಗೇ ಸಕ್ಕರೆ ತಿಂದಂತಾಗುತ್ತಿತ್ತು.

ಹೊಳೆಯ ಈಚೆಗೆ ಎರೆ, ಆಚೆಗೆ ಮಸಾರಿ. ಮಸಾರಿಯೆಂದರೆ ಕೆಂಪು ಮಣ್ಣು, ತೆಳು, ಸುಣ್ಣವಿಲ್ಲದ್ದು. ಅದಕ್ಕೆ ಬೇರೆಯೇ ಹೆಪ್ಪು ಬೇಕು, ಅದು ಬರುವ ವರ್ಷ ಸಿದ್ಧವಾಗುತ್ತದೆ ಎಂದು ಕೇಂದ್ರ ಹೇಳುತ್ತಿತ್ತು. ಪ್ರತಿ ವರ್ಷವೂ ಅದನ್ನೇ ಹೇಳುತ್ತಿತ್ತು. ಕಸ್ತೂರಿಯ ತಂಗಿ ಲಲಿತಾಳನ್ನು ಕೊಟ್ಟಿದ್ದು ಆಚೆ ದಂಡೆಯ ಕೆಂಚಗಲ್ಲಿಗೆ.

ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಒಂದು ನಕ್ಷೆ. ಹೊಲಹೊಲದಲ್ಲೂ ನೆಟ್ಟ ಅಳತೆಗೂಟಗಳು ಮಣ್ಣಿನ ಹುಳಿಯನ್ನೂ ಸತ್ವವನ್ನೂ ಅಳೆದು ಇಲ್ಲಿಗೆ ಕಳಿಸುತ್ತಿದ್ದವು. ಸತ್ವವಿದ್ದರೆ ಹಸಿರು ಚುಕ್ಕೆ, ಬಡಕಲಾದರೆ ಹಳದಿ, ಹುಳಿ ಬಿದ್ದರೆ ಕೆಂಪು. ಮಸಾರಿಯ ಊರುಗಳು ಎಂದಿಗೂ ಹಳದಿ. ಹೋದ ಮುಂಗಾರಿನಲ್ಲಿ ಕೆಂಚಗಲ್ಲು ಇದ್ದಕ್ಕಿದ್ದಂತೆ ಹಚ್ಚ ಹಸಿರಾದಾಗ, ಅದು ತಾವು ನಡೆಸಿದ ಹಸಿರೆಲೆ ಗೊಬ್ಬರದ ಪ್ರಚಾರದ ಫಲವೆಂದು ಸೋಮಯಾಜಿಯವರು ನಂಬಿದರು. ಪತ್ರಿಕೆಯಲ್ಲಿ ಅವರ ಫೋಟೋ ಬಂತು. ಈ ಮುಂಗಾರಿನಲ್ಲಿ ಅದೇ ಊರು ಒಂದೊಂದೇ ಹೊಲವಾಗಿ ಕೆಂಪಾಗತೊಡಗಿತು.

“ಮೇಡಮ್, ನಿಮ್ಮ ತಂಗೀನ ಕೊಟ್ಟ ಊರು ಇದ ಅಲ್ಲೇನ್ರಿ?” ಎಂದು ಇಸ್ಮಾಯಿಲ್ ಕೇಳಿದ. ಅವನ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ. “ಹುಳಿ ನಾಲ್ಕೂಕಾಲಕ್ಕ ಇಳದೈತಿ.”

ಹುಳಿಯ ಅಳತೆಯಲ್ಲಿ ಏಳು ಎಂದರೆ ಸಮ. ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ. ಮನೆಯ ಮಜ್ಜಿಗೆ ನಾಲ್ಕೂವರೆ. ಕೆಂಚಗಲ್ಲಿನ ಹೊಲ ಮಜ್ಜಿಗೆಗಿಂತ ಹುಳಿಯಾಗಿತ್ತು.

“ಮಣ್ಣು ತರಿಸಿ ನೋಡೀನ್ರಿ,” ಇಸ್ಮಾಯಿಲ್ ದನಿ ತಗ್ಗಿಸಿದ. “ಅದರಾಗ ಇರೋದು ನಮ್ಮ ಹೆಪ್ಪು. ಎರಿ ಹೆಪ್ಪು. ಹೊಳಿ ದಾಟೈತ್ರಿ ಅದು.”

ಕಸ್ತೂರಿಗೆ ಯಾರು ದಾಟಿಸಿದರೆಂದು ಕೇಳಬೇಕೆನಿಸಲಿಲ್ಲ.

ಎರೆ ಸೀಮೆಯ ಹಾಲಗೊಂಡಿಯ ಮನೆಯಲ್ಲಿ ಅವಳ ತಾಯಿ ಫಕ್ಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಬಂದ ಹೊತ್ತು ನೋಡಿಯೇ ಏನೋ ಇದೆಯೆಂದು ಅವಳಿಗೆ ಗೊತ್ತಾಯಿತು. ಆದರೂ ಕೈ ನಿಲ್ಲಿಸಲಿಲ್ಲ.

“ಯವ್ವಾ, ಲಲಿತಾಗ ಹೆಪ್ಪು ಕೊಟ್ಟೀಯೇನು?”

“ಕೊಟ್ಟೀನಿ. ಎರಡು ವರ್ಷದ ಹಿಂದ ಪಂಚಮಿಗೆ ಬಂದಾಗ ಉಡಿ ತುಂಬಿ, ಒಂದು ಚರಿಗಿ ಹೆಪ್ಪು ಕೊಟ್ಟು ಕಳಿಸೀನಿ. ಯಾಕ?”

“ಊರ ಗಡಿ ದಾಟಿಸಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿತ್ತಲ್ಲಬೇ!”

“ಗಡಿ ಇರೋದು ಮಂದಿಗೆ. ಮಗಳಿಗೆ ಯಾವ ಗಡಿ?” ಫಕ್ಕೀರವ್ವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ದೀಪ ಹಚ್ಚಿದ ಮ್ಯಾಲೆ ಕೊಟ್ಟಿಲ್ಲವಾ ನಾ. ಹಗಲ ಹೊತ್ತಿನಾಗ ಕೊಟ್ಟೀನಿ. ಶಾಸ್ತ್ರ ತಪ್ಪಿಲ್ಲ.”

“ಅವರ ಮಣ್ಣು ಬ್ಯಾರೆ ಐತಿ. ಅದಕ್ಕ ಸುಣ್ಣ ಇಲ್ಲ. ಹೆಪ್ಪು ಹುಳಿ ಬಿಟ್ಟದ್ದ ಬಿಟ್ಟದ್ದು, ತಡಿಯೋರು ಯಾರೂ ಇಲ್ಲ ಅಲ್ಲಿ. ಮೊದಲನೇ ವರ್ಷ ಇದ್ದದ್ದೆಲ್ಲಾ ಬಿಡಿಸಿ ಉಣಿಸೇತಿ. ಈಗ ಮಣ್ಣನ್ನ ಸುಡಾಕತ್ತೈತಿ.”

ಫಕ್ಕೀರವ್ವನ ಕೈ ಈಗ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗತೊಡಗಿತು, ಇಬ್ಬರೂ ಅದನ್ನು ತಿರುವಲಿಲ್ಲ.

“ಆವಾಗ ಆಕಿ ಹೊಲ ನೋಡಿದ್ದಿಯೇನು ನೀ?” ಎಂದಳು ಆಮೇಲೆ, ಸಿಟ್ಟಿನಿಂದಲೇ. “ಗೇಣುದ್ದ ಸಜ್ಜಿ. ಇಲ್ಲಿ ಅಕ್ಕನ ಹೆಪ್ಪು ಉಂಡು ಊರೆಲ್ಲಾ ನಗತಿತ್ತು, ತಂಗಿ ಹೊಲ ಹಂಗ ಬಿದ್ದಿತ್ತು. ಹೆಪ್ಪು ಕೇಳಿದಾಕಿಗೆ ಇಲ್ಲ ಅನಬಾರದು. ವೈರಿ ಕೇಳಿದ್ರೂ ಅನಬಾರದು. ಅದಕ್ಕ ಹೆಪ್ಪು ಅಂತ ಹೆಸರು ಇಟ್ಟಾಕಿ ನೀನ ಅಲ್ಲೇನು? ವಿಷ ಅಂದಿದ್ರ ನಾ ಯಾಕ ಕೊಡತಿದ್ದೆ?”

ಕಸ್ತೂರಿ ಸುಟ್ಟ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟಳು. ಅವಳು ಆ ಮಾತನ್ನು ಆರಿಸುವಾಗ ಮಡಕೆ, ಬಿಸುಪು, ಎತ್ತಿಟ್ಟ ಬಟ್ಟಲು ಇಷ್ಟನ್ನೇ ನೋಡಿದ್ದಳು. ಬೇಲಿಯಾಚೆಯಿಂದ ಚಾಚುವ ಕೈಯನ್ನು ನೋಡಿರಲಿಲ್ಲ. ಆ ಕೈಯೂ ಅದೇ ಮಾತಿನೊಳಗೆ ಇತ್ತು.

ಕೆಂಚಗಲ್ಲಿಗೆ ಹೋದಾಗ ಲಲಿತಾ ಹೊಲದಲ್ಲೇ ಇದ್ದಳು. ಅವಳ ಗಂಡ ಯಮನಪ್ಪ ಒಂದು ಶೇಂಗಾ ಗಿಡವನ್ನು ಕಿತ್ತು ತೋರಿಸಿದ. ಬೇರು ಮೊಂಡಾಗಿ, ಕಂದುಗಟ್ಟಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಅಗೆದ ಕಡೆ ಒಂದು ಎರೆಹುಳುವೂ ಕಾಣಲಿಲ್ಲ. ಹುಳಿಗೆ ಬಿಡುಗಡೆಯಾದ ಸತ್ವವೆಲ್ಲ ಮೊದಲ ಮಳೆಗೇ ಕೊಚ್ಚಿ ಹಳ್ಳ ಸೇರಿತ್ತು, ಹಳ್ಳದ ನೀರು ಪಾಚಿಗಟ್ಟಿ ನಾರುತ್ತಿತ್ತು.

“ಹ್ವಾದ ವರ್ಷ ಬುಡಕ್ಕ ಕೈ ಹಾಕಿದ್ರ ಗೊಂಚಲು ಗೊಂಚಲು ಬರತಿತ್ತು ಅಕ್ಕಾ,” ಎಂದಳು ಲಲಿತಾ. “ಮಂದಿ ಬಂದು ನೋಡಿ ಹೋಗತಿದ್ರು. ಹೆಪ್ಪು ಕೇಳಿದ್ರು, ಕೊಟ್ಟೆ. ಇಡೀ ಊರಿಗೆ ನಾನ ಕೊಟ್ಟೀನಿ. ಆವಾಗ ನಮ್ಮ ಪಾಲಿನ ಲಕ್ಷ್ಮೀ ಅಂದ್ರು. ಈಗ ಬಾವಿಗೆ ಹೋದ್ರ ಕೊಡಾ ಎತ್ತಿಕೊಂಡು ಹೊಂಟು ಹೋಗತಾರ.”

ಎರಡು ಹಂಗಾಮು ಹುಳಿಯಾಗಿಯೇ ಉಳಿದ ಹೊಲವನ್ನು ಸರಕಾರ ಮುಚ್ಚಿಬಿಡುತ್ತಿತ್ತು. ಸುತ್ತ ಬೇಲಿ ಹಾಕಿ, ಜಾಲಿ ನೆಟ್ಟು, ಉಳುವವರನ್ನು ಬೇರೆಲ್ಲೋ ಒಯ್ದು ಇಡುವುದು ಕಾನೂನು. ಕೆಂಚಗಲ್ಲಿಗೆ ಇದು ಮೊದಲನೆಯ ಹಂಗಾಮು.

“ನನಗ ಬ್ಯಾರೆ ಏನೂ ಬ್ಯಾಡ,” ಲಲಿತಾ ಅಕ್ಕನ ಕೈ ಹಿಡಿದುಕೊಂಡಳು. “ಈ ಹೊಲ ಒಂದು ಉಳಿಸಿಕೊಡು. ಇದು ಹ್ವಾದ್ರ ಈ ಊರಾಗ ನಾ ಮುಖ ಎತ್ತಿ ಅಡ್ಡಾಡೂದು ಹೆಂಗ? ಹಾಳು ಮಾಡಿದಾಕಿ ಅಂತ ಹೆಸರ ಹೊತ್ತುಕೊಂಡು ಎಲ್ಲಿಗೆ ಹೋಗ್ಲಿ?”

ಉಳಿಸುವ ದಾರಿ ಇಸ್ಮಾಯಿಲ್‌ನ ಗಾಜಿನ ಕೊಳವೆಯಲ್ಲಿತ್ತು. ಅವನು ಹೆಪ್ಪನ್ನೇ ತಿಂದು ಬದುಕುವ ಒಂದು ವೈರಾಣುವನ್ನು ಕಂಡುಹಿಡಿದಿದ್ದ. ಅದನ್ನು ಹೊಲಕ್ಕೆ ಬಿಟ್ಟರೆ ಹೆಪ್ಪು ಒಂದೂ ಉಳಿಯುವುದಿಲ್ಲ. ಮೇಲೆ ಸುಣ್ಣ, ಬೂದಿ ಹಾಕಿ ಹುಳಿಯನ್ನು ಇಳಿಸಬಹುದು. ತಿನ್ನಲು ಹೆಪ್ಪು ಸಿಗದೆ ವೈರಾಣುವೂ ಎರಡು ಹಂಗಾಮಿನಲ್ಲಿ ತಾನಾಗಿ ಸಾಯುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವ ಮಾತು ಇರುವುದು ಇಂಥದ್ದಕ್ಕೇ. ಆ ಎರಡು ಹಂಗಾಮಿನೊಳಗೆ ಆಚೆಯ ಒಂದು ಹಿಡಿ ಮಣ್ಣು, ಒಂದು ಚರಿಗೆ ನೀರು, ಮಣ್ಣು ಮೆತ್ತಿದ ಒಂದು ಚೀಲ ಕಾಳು ಹೊಳೆ ದಾಟಿದರೂ ಸಾಕು. ಎರೆ ಸೀಮೆಯ ಹೆಪ್ಪೆಲ್ಲ ಸತ್ತು, ಹತ್ತಾರು ಊರುಗಳ ಅನ್ನ ಹೋಗುತ್ತದೆ.

“ಸೇತುವೆಗೆ ಕಾವಲು ಹಾಕಿಸ್ತೀನಿ,” ಎಂದರು ಸೋಮಯಾಜಿ.

“ಸೇತುವಿಗೆ ಹಾಕಬಹುದು ಸರ್. ಉಡಿಗೆ ಹಾಕಾಕ ಆಗೂದಿಲ್ಲ,” ಎಂದಳು ಕಸ್ತೂರಿ. “ಅವರ ತಮ್ಮಷ್ಟಕ್ಕ ತಾವ ಕೊಡೂದು ತಗೊಳ್ಳೂದು ನಿಲ್ಲಿಸಬೇಕು.”

“ಹಾಗಿದ್ರೆ ಹೆಪ್ಪು ಅಂದ ಹಾಗೇ ಇದಕ್ಕೂ ಒಂದು ಮಾತು ಹುಡುಕಿ. ನಿಮ್ಮ ಜನರ ಮಾತು ನಿಮಗೇ ಗೊತ್ತು. ಮೈಲಿಗೆ ಅಂದ್ರೆ ಹೇಗೆ? ಯಾರೂ ಮುಟ್ಟೋದಿಲ್ಲ.”

ಕಸ್ತೂರಿಯ ಮುತ್ತಜ್ಜಿ ಆ ಮಾತಿನ ದೆಸೆಯಿಂದ ಊರ ಬಾವಿಯ ಹೊರಗೆ ನಿಂತು ನೀರು ಬೇಡಿದವಳು. “ಆ ಮಾತಿನ ರುಚಿ ನಮ್ಮ ಮನೆಯವರು ಉಂಡಾರ್ರಿ,” ಎಂದಳು. “ಅದು ಒಮ್ಮೆ ಹತ್ತಿದ್ರ ಹೋಗೂದಿಲ್ಲ. ಅದು ಬ್ಯಾಡ.”

ಅವಳು ಒಂದು ವಾರ ಹುಡುಕಿದಳು. ವಿಷವೆಂದರೆ ಯಾರೂ ಹಂಚುವುದಿಲ್ಲ ನಿಜ, ಆದರೆ ಸೀಗಿ ಹುಣ್ಣಿಮೆಯಲ್ಲಿ ಭೂಮಿತಾಯಿ ಬಸುರಿ ಎಂದು ಚರಗ ಚೆಲ್ಲಿ ಉಣಿಸುವ ಹೆಂಗಸರು ಹೊಲಕ್ಕೆ ವಿಷ ಹಾಕಲು ಬಿಡುವುದೂ ಇಲ್ಲ. ಔಷಧಿಯೆಂದರೆ ಹಾಕಿಸಿಕೊಳ್ಳುತ್ತಾರೆ, ತವರಿಗೂ ಒಂದು ಬಾಟಲಿ ಒಯ್ಯುತ್ತಾರೆ. ಕೊನೆಗೆ ಸಿಕ್ಕಿದ ಮಾತು ಅವಳಿಗೇ ಹಿಡಿಸಿತು. ಸೂತಕ. ಅದು ದೊಡ್ಡವರು ಸಣ್ಣವರೆನ್ನದೆ ಬಹುಮಟ್ಟಿಗೆ ಎಲ್ಲರ ಮನೆಗೂ ಬರುತ್ತದೆ. ಬಂದ ಮನೆಯವರು ಏನನ್ನೂ ಕೊಡುವುದಿಲ್ಲ, ಅವರಿಂದ ಯಾರೂ ಏನನ್ನೂ ತಗೊಳ್ಳುವುದಿಲ್ಲ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದಿನ ತುಂಬಿದ ಮೇಲೆ ಅದು ಕಳೆಯುತ್ತದೆ.

“ಬಹಳ ಚೆನ್ನಾಗಿದೆ,” ಎಂದರು ಸೋಮಯಾಜಿ.

ಕೆಂಚಗಲ್ಲಿನ ಚಾವಡಿಯ ಮುಂದೆ ಊರು ನೆರೆದಿತ್ತು. ಕಸ್ತೂರಿ ವೈರಾಣುವಿನ ಮಾತನ್ನೂ ಹೇಳಿದಳು, ಅದನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. “ನಿಮ್ಮ ಹೊಲಕ್ಕ ಸೂತಕ ಬಂದೈತ್ರಿ,” ಎಂದಾಗ ಮಾತ್ರ ಹೆಂಗಸರ ನಡುವೆ ಒಂದು ಉಸಿರು ಎಳೆದ ಸದ್ದಾಯಿತು. ಮುದುಕಿಯರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಬ್ಬ ಅಜ್ಜ ತಲೆಯ ಮೇಲಿನ ರುಮಾಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಮಾತು ಮಂತ್ರದಂತೆ ಕೆಲಸ ಮಾಡಿತು. ಇಸ್ಮಾಯಿಲ್‌ನ ಟ್ಯಾಂಕರುಗಳು ಹೊಲಹೊಲಕ್ಕೂ ಹೋದವು, ಬೆನ್ನಿಗೆ ಸುಣ್ಣದ ಗಾಡಿಗಳು. ಆಮೇಲೆ ಆ ಊರಿನಿಂದ ಒಂದು ಹುಲ್ಲುಕಡ್ಡಿಯೂ ಹೊಳೆ ದಾಟಲಿಲ್ಲ. ಸೇತುವೆಯ ಕಾವಲುಗಾರ ಬೇಜಾರಾಗಿ ಮೀನು ಹಿಡಿಯುತ್ತ ಕೂತ. ಎರೆ ಸೀಮೆಯಲ್ಲಿ ಒಂದು ಮಡಕೆ ಹೆಪ್ಪೂ ಕೆಡಲಿಲ್ಲ. ನಕ್ಷೆಯ ಮುಂದೆ ನಿಂತು ಸೋಮಯಾಜಿಯವರು ಜನರ ಶಿಸ್ತನ್ನು ಹೊಗಳಿದರು. ಆಚೆ ದಂಡೆಯ ಸಂತೆಯಲ್ಲೂ ಕೆಂಚಗಲ್ಲಿನವರ ಬೆಣ್ಣೆಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಎರಡು ಮದುವೆಯ ಮಾತು ಮುರಿದು ಬಿದ್ದಿತ್ತು. ಅದಕ್ಕೆಲ್ಲ ನಕ್ಷೆಯಲ್ಲಿ ಚುಕ್ಕೆಯಿರಲಿಲ್ಲ.

ಪಂಚಮಿ ಬಂತು. ಲಲಿತಾಳನ್ನು ಕರೆಯಲು ತವರಿನಿಂದ ಯಾರೂ ಹೋಗಲಿಲ್ಲ. “ಸೂತಕ ಕಳೀಲಿ, ಆಮ್ಯಾಲೆ ಬರಲಿ” ಎಂದು ಫಕ್ಕೀರವ್ವ ಹೇಳಿ ಕಳಿಸಿದಳು. ಮಗಳಿಲ್ಲದ ಜೋಕಾಲಿಯನ್ನು ಅವಳೂ ಕಟ್ಟಿಸಲಿಲ್ಲ.

ಕಸ್ತೂರಿ ಮಣ್ಣಿನ ಮಾದರಿ ತರಲಿಕ್ಕೆಂದು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಕೈಗೆ ರಬ್ಬರ್ ಕವಚ, ಕಾಲಿಗೆ ಚೀಲ, ಬರುವಾಗ ಹೊಳೆಯ ದಂಡೆಯಲ್ಲಿ ಎಲ್ಲವನ್ನೂ ಕಳಚಿ ಸುಟ್ಟು, ಮೊಣಕೈವರೆಗೆ ತೊಳೆದುಕೊಂಡು ಬರಬೇಕು. ಅಲ್ಲಿ ಒಂದು ಹನಿ ನೀರನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಈ ನಿಯಮ ಬರೆದವಳು ಅವಳೇ. ಮೊದಮೊದಲು ಲಲಿತಾ ಚಹಾ ತಂದು ಹೊಲದ ಬದುವಿನ ಮೇಲೆ ಇಡುತ್ತಿದ್ದಳು, ಅದು ಆರಿ ಕೆನೆಗಟ್ಟುತ್ತಿತ್ತು. ಆಮೇಲೆ ತರುವುದನ್ನು ಬಿಟ್ಟಳು. ದೂರದಲ್ಲಿ ನಿಂತು ಅಕ್ಕನ ಕೆಲಸವನ್ನು ನೋಡುತ್ತಿದ್ದಳು, ಅಷ್ಟೇ.

ಎರಡನೆಯ ಹಂಗಾಮು ಮುಗಿಯುವ ಹೊತ್ತಿಗೆ ಕೆಂಚಗಲ್ಲಿನ ಹುಳಿಯ ಅಂಕಿ ಆರೂವರೆಗೆ ಏರಿತ್ತು. ವೈರಾಣುವಿನ ಸುಳಿವೇ ಇರಲಿಲ್ಲ. ಎರೆಹುಳುಗಳು ಮರಳಿದ್ದವು. ಇಷ್ಟು ವರ್ಷ ಬರುವ ವರ್ಷಕ್ಕೆಂದು ಮುಂದೂಡಿದ ಮಸಾರಿಯ ಹೆಪ್ಪೂ, ಮೇಲಿನಿಂದ ಬೈಸಿಕೊಂಡ ಮೇಲೆ, ಸಿದ್ಧವಾಯಿತು. ಅದನ್ನು ಹಾಕಿದ ಲಲಿತಾಳ ಹೊಲದಲ್ಲಿ ಸಜ್ಜೆ ಆಳೆತ್ತರ ಬೆಳೆದು ಗೇಣುದ್ದದ ತೆನೆ ಬಿಟ್ಟಿತು. ನಕ್ಷೆಯಲ್ಲಿ ಆ ಊರು ಹಸಿರಾದ ದಿನ ಕೊಠಡಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇಸ್ಮಾಯಿಲ್ ಎಲ್ಲರಿಗೂ ಪೇಢೆ ಹಂಚಿದ. ಸೂತಕ ಕಳೆಯಿತೆಂದು ಊರೂರಲ್ಲಿ ಡಂಗುರ ಹೊಡೆಸಿದರು.

ಯಾರೂ ಬರಲಿಲ್ಲ. ಕೆಂಚಗಲ್ಲಿನ ಸಜ್ಜೆಯ ಗಾಡಿ ಸಂತೆಗೆ ಬಂದರೆ ಅಕ್ಕಪಕ್ಕದ ಗಾಡಿಗಳು ಎದ್ದು ಬೇರೆ ಕಡೆ ಹೋಗಿ ನಿಂತವು.

“ನಾನ ಪರೀಕ್ಷಾ ಮಾಡೀನಿ ಯವ್ವಾ. ಹೊಲ ಈಗ ನಿನ್ನ ಹೊಲಕ್ಕಿಂತ ಚೊಲೋ ಐತಿ,” ಎಂದಳು ಕಸ್ತೂರಿ ತಾಯಿಗೆ. “ಸೂತಕ ಕಳದೈತಿ.”

“ಸೂತಕ ಬರೋದು ಯಾವಾಗ?” ಎಂದಳು ಫಕ್ಕೀರವ್ವ.

“ಅಂದ್ರ?”

“ಯಾರರ ಸತ್ತರ ಬರತೈತಿ. ಹೊಲಕ್ಕ ಸೂತಕ ಅಂದಿ. ಅಂದ್ರ ಹೊಲ ಸತ್ತಿತು. ಅತ್ತೀವಿ. ಲಲ್ಲೀನ ನೆನೆಸಿ ನಾ ದಿನಾ ಅತ್ತೀನಿ. ಸೂತಕ ಕಳೀತು ಅಂದ್ರ ಮನಿ ಮಂದಿ ಮೈ ತೊಳಕೊಂಡ್ರು ಅಂತ. ಸತ್ತಾವರು ಎದ್ದು ಬಂದ್ರು ಅಂತ ಅಲ್ಲ.” ದನಿ ಇಳಿಸಿದಳು. “ಸತ್ತದ್ದು ಎದ್ದು ಬಂದು ತೆನಿ ಬಿಟ್ರ ಅದಕ್ಕ ಏನಂತಾರವಾ? ದೆವ್ವ ಅಂತಾರ.”

“ಯವ್ವಾ, ಅದು ಬರೇ ಮಾತು! ನಾ ಇಟ್ಟ ಹೆಸರು!”

“ಹೌದು. ನೀನ ಇಟ್ಟೀ,” ಎಂದಳು ಫಕ್ಕೀರವ್ವ. “ನನ್ನ ಮಗಳು ಬರಲಿ, ಕೈಕಾಲು ತೊಳಕೊಂಡು ಒಳಗ ಬರಲಿ. ಆ ಹೊಲದ ಕಾಳು ಮಾತ್ರ ನನ್ನ ಹೊಸ್ತಿಲಾ ದಾಟೂದು ಬ್ಯಾಡ.”

ಈ ಮಾತು ಲಲಿತಾಳನ್ನು ಮುಟ್ಟಿತು. ಕಾಳು ಬೇಡಾದ ಮನೆಗೆ ತಾನೂ ಬರುವುದಿಲ್ಲ ಎಂದು ಅವಳು ತಿರುಗಿ ಹೇಳಿ ಕಳಿಸಿದಳು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತಾದರೂ ಒಡೆದ ಜಾಗದಲ್ಲೇ ಬಿದ್ದಿರುತ್ತದೆ.

ಉಪಾಯ ಹೂಡಿದವನು ಯಮನಪ್ಪ. ಎರೆ ಸೀಮೆಯಿಂದ ನಾಲ್ಕೈದು ಮಂದಿ ಹಿರಿಯ ಹೆಂಗಸರನ್ನು ಹೇಗೋ ಕಾಡಿ ಬೇಡಿ ಒಪ್ಪಿಸಿದ. ಅವರ ಎದುರಿಗೆ ಡಾಕ್ಟರ್ ಕಸ್ತೂರಿಯೇ ಕೂತು ಈ ಹೊಲದ ರೊಟ್ಟಿಯನ್ನು ಉಣ್ಣಬೇಕು. ಅವರಲ್ಲಿ ಹಾಲಗೊಂಡಿಯ ಗೌರವ್ವನೂ ಇದ್ದಳು. ಫಕ್ಕೀರವ್ವನ ಗೆಳತಿ, ನಾಲಿಗೆ ಬಲು ಜೋರು. ಗೌರವ್ವ ಹೌದೆಂದರೆ ಸೀಮೆಗೆ ಸೀಮೆಯೇ ಹೌದೆನ್ನುತ್ತಿತ್ತು.

ಲಲಿತಾ ಅಂದು ಇಳಕಲ್ಲ ಸೀರೆ ಉಟ್ಟಿದ್ದಳು. ಎಣಗಾಯಿ ಬದನೆ, ಶೇಂಗಾ ಚಟ್ನಿ, ಕೆನೆಮೊಸರು, ಎಳ್ಳು ಹಚ್ಚಿದ ಬಿಸಿ ಸಜ್ಜೆ ರೊಟ್ಟಿ. ಮೊಸರು ಬಿಟ್ಟು ಎಲ್ಲವೂ ಅದೇ ಹೊಲದ್ದು. ತಾಟನ್ನು ಅಕ್ಕನ ಮುಂದೆ ಇಟ್ಟು ಎದುರಿಗೆ ಕೂತಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗೆಯಿತ್ತು. ಹೆಂಗಸರು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು.

“ಉಣ್ಣಕ್ಕಾ,” ಎಂದಳು.

ಕಸ್ತೂರಿ ರೊಟ್ಟಿ ಮುರಿದಳು. ಆ ಮಣ್ಣಿನ ಪ್ರತಿ ಅಂಕಿಯೂ ಅವಳಿಗೆ ಗೊತ್ತಿತ್ತು. ಹುಳಿ ಆರೂವರೆ, ವೈರಾಣು ಸೊನ್ನೆ, ಇಸ್ಮಾಯಿಲ್ ಮೂರು ಸಲ ನೋಡಿ ರುಜು ಹಾಕಿದ್ದ. ತುತ್ತನ್ನು ಬದನೆಯ ರಸದಲ್ಲಿ ಅದ್ದಿ ಎತ್ತಿದಳು. ಬಾಯಿಯ ಹತ್ತಿರ ಬಂದಾಗ ಕೈ ನಿಂತಿತು.

ಎಷ್ಟು ಹೊತ್ತು? ರೆಪ್ಪೆ ಬಡಿಯುವಷ್ಟು. ಬೇಕೆಂದು ಮಾಡಿದ್ದಲ್ಲ. ಇಲ್ಲಿಯದು ಯಾವುದೂ ಬಾಯಿಗೆ ಹೋಗಬಾರದು ಎಂದು ತಾನೇ ಕಲಿಸಿದ್ದ ಕೈ ಅದು, ತನಗೆ ಗೊತ್ತಿದ್ದುದನ್ನು ಮಾಡಿತು. ಮರುಗಳಿಗೆಯಲ್ಲೇ ಅವಳು ತುತ್ತನ್ನು ಬಾಯಿಗಿಟ್ಟು ಅಗಿದಳು. ಸಜ್ಜೆ ಸಿಹಿಯಾಗಿತ್ತು. ಅಂಥ ರೊಟ್ಟಿಯನ್ನು ಅವಳು ಹುಟ್ಟಿದಾರಭ್ಯ ಉಂಡಿರಲಿಲ್ಲ.

“ಭಾಳ ರುಚಿ ಐತಿ,” ಎಂದಳು ಗಟ್ಟಿಯಾಗಿ.

ಗೌರವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. “ಹೊತ್ತಾತವಾ. ಬರತೀವಿ,” ಎಂದಳು ಲಲಿತಾಗೆ, ಬಹಳ ಮೆತ್ತಗೆ. ಅವಳ ಹಿಂದೆ ಉಳಿದವರೂ ಎದ್ದರು. ಯಮನಪ್ಪ ಬಾಗಿಲವರೆಗೆ ಏನೇನೋ ಹೇಳುತ್ತ ಹೋದ. ಅವರು ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ ಸೇತುವೆಯ ದಾರಿ ಹಿಡಿದರು.

ಕಸ್ತೂರಿ ತಲೆ ಎತ್ತಲಿಲ್ಲ. ಮೊದಲನೆಯ ರೊಟ್ಟಿ ಮುಗಿಸಿದಳು. ತಾನೇ ಕೈ ಚಾಚಿ ಇನ್ನೊಂದನ್ನು ಹಾಕಿಕೊಂಡಳು. ಅದನ್ನೂ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದಾಗ ಲಲಿತಾ ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಮೇಲೆ ಬಟ್ಟೆ ಮುಚ್ಚಿದಳು.

“ಸಾಕು ಬಿಡಕ್ಕಾ,” ಎಂದಳು. “ಮಂದಿ ಹೋದ್ರು. ಇನ್ನ ಯಾರಿಗೆ ತೋರಸಾಕ ಉಣ್ಣಾಕತ್ತಿ?”